ಎರಡು ಬೆರಳಗಲದ ಕೆಂಪು

ಶಹಾಬಜಾರದ ನಮ್ಮ ಮನೆಯಲ್ಲಿ ಬಟ್ಟೆಗೆ ಬಣ್ಣ ಹಾಕಿ ಅಚ್ಚು ಒತ್ತುತ್ತಿದ್ದರು. ಮದುವೆಯ ಓಢಣಿ ಯಾರದೇ ಇರಲಿ, ಕೊಡುವ ಮೊದಲು ಅದರ ಮೂಲೆಯಿಂದ ಎರಡು ಬೆರಳಗಲದ ತುಂಡು ಕತ್ತರಿಸಿ ನಮೂನೆ ಪುಸ್ತಕಕ್ಕೆ ಅಂಟಿಸುವುದು ಪದ್ಧತಿ. ಹಂಡೆಯ ಕೆಂಪು ಒಂದು ಸಲ ಬಂದಂತೆ ಇನ್ನೊಂದು ಸಲ ಬರುವುದಿಲ್ಲ. ಯಾರಾದರೂ ಅದೇ ಬಣ್ಣ ಕೇಳಿದರೆ ಪುಸ್ತಕ ನೋಡಿಯೇ ಹದ ಮಾಡಬೇಕು. ಸೊಸೆಯಾಗಿ ಬಂದ ನನ್ನ ಪಾಲಿಗೆ ಕತ್ತರಿಸುವ ಕೆಲಸ ಬಿತ್ತು. ನನ್ನ ಕತ್ತರಿ ಎಂದೂ ನೆಟ್ಟಗೆ ಹೋದದ್ದಿಲ್ಲ.

“ಹಾವು ಹರದಂಗ ಕತ್ತರಸ್ತೀಯಲ್ಲವ್ವಾ,” ಎಂದು ಮಾವ ನಗುತ್ತಿದ್ದರು.

ಹೈದರಾಬಾದ್ ಸಂಸ್ಥಾನಕ್ಕೆ ಭಾರತದ ಸೈನ್ಯ ನುಗ್ಗಿ ಪೊಲೀಸ್ ಆಕ್ಷನ್ ಆಗಿ ಕೆಲವೇ ದಿನಗಳಾಗಿದ್ದವು. ಎದುರು ಮನೆಯ ಆಪಾ ಮುಷ್ಟಿಯಲ್ಲಿ ಏನನ್ನೋ ಹಿಡಿದು ಬಂದಳು. ಅವಳ ಒಬ್ಬಳೇ ಮಗಳನ್ನು ಕಮಲಾಪುರಕ್ಕೆ ಕೊಟ್ಟಿದ್ದರು; ಮದುವೆಯ ಓಢಣಿ ನಮ್ಮಲ್ಲೇ ಆಗಿತ್ತು. ಗಲಾಟೆಯಲ್ಲಿ ಆ ಮನೆಯವರೆಲ್ಲ ದಿಕ್ಕಾಪಾಲಾಗಿದ್ದರು.

“ಅಲ್ಲಿ ಬಾವ್ಯಾಗ ಒಬ್ಬಾಕಿ ಸಿಕ್ಕಾಳ ಭಾಯಿ. ಮುಖದ ಗುರುತಿಲ್ಲ. ಓಢಣಿದು ಕತ್ತರಿ ಬಿದ್ದ ಮೂಲಿ ಹರದು ಕಳಸ್ಯಾರ. ನನ್ನ ಮಗಳದಾದ್ರ ಈಗೇ ಹೋಗಿ ಮಣ್ಣು ಮಾಡಿ ಬರ್ತೀನಿ. ಅಲ್ಲಂದ್ರ ಹೈದರಾಬಾದಿಗೆ ಹುಡಕಾಕ ಹೋಗ್ತೀನಿ. ನಿಮ್ಮ ಪುಸ್ತಕ ನೋಡ್ರಿ.”

ಮಾವ ಪುಟ ತೆರೆದು ತುಂಡನ್ನು ಪಕ್ಕಕ್ಕಿಟ್ಟರು. ಅದೇ ಕೆಂಪು. ನನ್ನ ಸೊಟ್ಟ ಕತ್ತರಿಯ ಅಂಚಿಗೆ ಅಂಚು ಸರಿಯಾಗಿ ಕೂತಿತು. ಮಾವ ಅದರ ಮೇಲೆ ಅಂಗೈ ಮುಚ್ಚಿ, “ಅಲ್ಲ ಆಪಾ. ಇದು ನಮ್ಮ ಬಣ್ಣ ಅಲ್ಲ,” ಎಂದರು.

ಮಾವ ಮುಚ್ಚಿದ ಪುಸ್ತಕವನ್ನು ಅವಳು ಕಣ್ಣಿಗೊತ್ತಿಕೊಂಡಳು. ತನ್ನದಲ್ಲದ್ದು ತನಗೇಕೆಂದು ತುಂಡನ್ನು ಅಲ್ಲೇ ಬಿಟ್ಟು ಹೋದಳು. ನಾನು ಬಾಯಿ ಬಿಡಲಿಲ್ಲ. ಮಾವನಿಗೆ ಎದುರಾಡದ ಸೊಸೆ ಎಂಬ ಹೆಸರು ನನಗೆ ಅಷ್ಟು ಬೇಕಾಗಿತ್ತು.

“ಹೆತ್ತಾಕಿಗೆ ಹೆಂಗ ಹೇಳ್ಲಿ?” ಎಂದು ಮಾವ ಒಳಗೆ ಹೋಗಿ ಅತ್ತರು. ದೊಡ್ಡ ಮನಸ್ಸು ಅವರದು, ಇಲ್ಲವೆನ್ನುವುದಿಲ್ಲ. ಆ ದೊಡ್ಡ ಮನಸ್ಸಿನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅದೇ ಸಂಜೆ ಕಮಲಾಪುರದವರು ಆ ಹುಡುಗಿಯನ್ನು ಯಾರೂ ಇಲ್ಲದವಳೆಂದು ಹೂಳಿದರು. ಇತ್ತ ತಾಯಿ ಹೈದರಾಬಾದಿನ ಗಲ್ಲಿ ಗಲ್ಲಿ ತಿರುಗಿದಳು. ಹಬ್ಬ ಬಂದಾಗಲೆಲ್ಲ ನಮ್ಮಲ್ಲಿಗೆ ಬಂದು, “ಆ ಅಚ್ಚು ತೆಗದಿಡ್ರಿ, ಮಗಳು ಬಂದ ಮ್ಯಾಲ ಹೊಸಾದು ಹಾಕಸ್ತೀನಿ,” ಎನ್ನುತ್ತಿದ್ದಳು. ನಾನು ಆ ತುಂಡನ್ನು ಎಸೆಯಲಾರದೆ ಅದರ ಜೋಡಿಯ ಪಕ್ಕದಲ್ಲೇ ಅಂಟಿಸಿಟ್ಟಿದ್ದೆ.

ಮಾವ ತೀರಿಕೊಂಡು ವರ್ಷಗಳಾದ ಮೇಲೆ ಹಳೆಯ ವಿನ್ಯಾಸಗಳನ್ನು ಕೂಡಿಸುವ ಒಬ್ಬರು ಬಂದು ಪುಸ್ತಕ ತಿರುವಿದರು. ಹೂವು, ಬಳ್ಳಿ, ಬಣ್ಣ ಎಲ್ಲವನ್ನೂ ಹೊಗಳಿದರು. “ಎಲ್ಲಾ ಪುಟದಲ್ಲೂ ಒಂದೊಂದೇ ತುಂಡಿದೆ. ಇಲ್ಲಿ ಮಾತ್ರ ಎರಡು ಯಾಕೆ?” ಎಂದು ಕೇಳಿದರು.

ಆಪಾ ನಮ್ಮ ಕಟ್ಟೆಯ ಮೇಲೆಯೇ ಕೂತಿದ್ದಳು. ಎದ್ದು ಬಂದು ಪುಟದ ಮೇಲೆ ಬಾಗಿದಳು. ಆ ಸೊಟ್ಟ ಅಂಚಿನ ಮೇಲೆ ಬೆರಳಾಡಿಸಿದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ.

“ಯಾವ ಜಾಗದಾಗ ಹುಗದಾರ?” ಎಂದಷ್ಟೇ ಕೇಳಿದಳು.

ನನಗೆ ಗೊತ್ತಿರಲಿಲ್ಲ. ಕಮಲಾಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿಯೂ ಯಾರಿಗೂ ಗೊತ್ತಿರಲಿಲ್ಲ.