ಕೊಯಮತ್ತೂರು ಜಿಲ್ಲೆ ಎಂದು ಬರೆದ ಕೈ

ಮಾದೇಶ, ನಿನ್ನ ಅರ್ಜಿಯಲ್ಲಿ ಹುಟ್ಟೂರಿನ ಮುಂದೆ ‘ಕೊಳ್ಳೇಗಾಲ, ಕೊಯಮತ್ತೂರು ಜಿಲ್ಲೆ, ಮದ್ರಾಸು ರಾಜ್ಯ’ ಎಂದು ನಾನು ಬರೆದದ್ದು ಕೈತಪ್ಪಿನಿಂದಲ್ಲ. ಹಳೆಯ ಅಭ್ಯಾಸದಿಂದಲೂ ಅಲ್ಲ. ಬೇಕೆಂದೇ ಬರೆದೆ. ಹನ್ನೊಂದು ವರ್ಷವಾಯಿತು. ಇಷ್ಟನ್ನು ಒಪ್ಪಿಕೊಳ್ಳುವುದರೊಳಗೆ ಈ ಬೆಳಿಗ್ಗೆ ಮೂರು ಹಾಳೆ ಹರಿದು ಹಾಕಿದ್ದೇನೆ.

ರಾಜ್ಯಗಳನ್ನು ವಿಂಗಡಿಸಿ ಕೊಳ್ಳೇಗಾಲವನ್ನು ಮೈಸೂರಿಗೆ ಸೇರಿಸಿ ಆಗ ಐದಾರು ತಿಂಗಳಾಗಿತ್ತು. ಮದ್ರಾಸಿನಲ್ಲಿದ್ದ ನಮ್ಮವರು ಊರಿಗೆ ಕಾಗದ ಬರೆಯುವಾಗ ಇನ್ನೂ ಕೊಯಮತ್ತೂರು ಜಿಲ್ಲೆ ಎಂದೇ ವಿಳಾಸ ಬರೆಯುತ್ತಿದ್ದರು. ಕಾಗದವೂ ಹೋಗಿ ಸೇರುತ್ತಿತ್ತು. ಆ ರೂಢಿಯ ಮರೆಯಲ್ಲಿ ನಾನು ಅಡಗಿಕೊಂಡೆ. ಯಾರಾದರೂ ಕೇಳಿದರೆ ‘ಅಯ್ಯೋ, ಮರೆತೇಬಿಟ್ಟೆ’ ಎಂದರಾಯಿತು—ಅದನ್ನೂ ಪೆನ್ನು ಎತ್ತುವ ಮೊದಲೇ ಯೋಚಿಸಿದ್ದೆ.

ಯಾಕೆ ಮಾಡಿದೆ? ತಿರುವಲ್ಲಿಕೇಣಿಯ ನಮ್ಮ ಕನ್ನಡ ವಾಚನಾಲಯದ ಹೊರಗಿನ ಬೆಂಚಿನಿಂದಲೇ ಹೇಳಬೇಕು. ಭಾನುವಾರ ಪೇಪರು ಓದಿ ಮುಗಿದರೆ ಅಲ್ಲಿ ಒಂದೇ ಜಗಳ: ಮೈಸೂರು ರಾಜ್ಯದ ಬ್ಯಾಸ್ಕೆಟ್‌ಬಾಲ್ ಆಟಗಾರರಲ್ಲಿ ಅತಿ ದೊಡ್ಡವರು ಯಾರು? ಉದ್ದನೆಯ ನಂಜಪ್ಪನೋ, ಎಡಗೈ ರಂಗನಾಥನೋ? ರೈಲ್ವೆಯ ಗುಂಡಣ್ಣನವರೇ ಪಂಚಾಯ್ತಿದಾರರು. ಬೆಂಗಳೂರು ಬಿಟ್ಟು ಇಪ್ಪತ್ತು ವರ್ಷವಾದ ಮನುಷ್ಯ, ಅಲ್ಲಿಯ ಒಂದೊಂದು ಕೋರ್ಟಿನ ಬಿರುಕೂ ತನಗೆ ಗೊತ್ತು ಎನ್ನುವಂತೆ ಮಾತಾಡುತ್ತಿದ್ದರು. ಅವರದೊಂದು ಕಟ್ಟುಪಾಡು—ರಾಜ್ಯದ ಬನಿಯನ್ ತೊಟ್ಟವನು ಮಾತ್ರ ಲೆಕ್ಕಕ್ಕೆ. ಉಳಿದವನು ಎಷ್ಟೇ ಆಡಲಿ, ಅವನ ಹೆಸರು ಎತ್ತುವ ಹಾಗಿಲ್ಲ.

ಆ ಬೆಂಚಿನ ಬಾಯಲ್ಲಿ ನನ್ನ ಹೆಸರು ಬರಬೇಕೆಂದು ಎಷ್ಟು ಆಸೆಪಟ್ಟೆ! ಇನ್ಶೂರೆನ್ಸ್ ಆಫೀಸಿನ ಗುಮಾಸ್ತ, ಇಪ್ಪತ್ನಾಲ್ಕು ವಯಸ್ಸು, ‘ಚೆಂಡು ಬಡಿಯೋ ಕೋತಿ’ ಎಂದು ಅಪ್ಪನ ಕೈಲಿ ದಿನಾ ಬೈಸಿಕೊಳ್ಳುತ್ತಿದ್ದವನು. ಒಂದು ಸಂಜೆ ಗುಂಡಣ್ಣನವರು ನಾವು ಆಡುತ್ತಿದ್ದ ಸಿಮೆಂಟು ಕೋರ್ಟಿಗೆ ಬಂದರು. ನೀನು ಕ್ರೋಂಪೇಟೆಯ ಚರ್ಮದ ಕಾರ್ಖಾನೆಯಿಂದ ನೇರ ರೈಲಿಳಿದು ಬಂದಿದ್ದೆ. ತೊಗಲನ್ನು ಸುಣ್ಣದ ತೊಟ್ಟಿಯಲ್ಲಿ ಅದ್ದಿ ಅದ್ದಿ ನಿನ್ನ ಬೆರಳ ತುದಿಗಳು ಒಡೆದಿರುತ್ತಿದ್ದವು. ಬಟ್ಟೆ ಸುತ್ತಿಕೊಂಡು ಆಡುತ್ತಿದ್ದೆ. ಆದರೂ ಅವತ್ತು ಅರ್ಧ ಕೋರ್ಟಿನಿಂದ ಚೆಂಡು ಎಸೆದೆ, ರಿಂಗು ಅಲುಗಲಿಲ್ಲ. ಗುಂಡಣ್ಣನವರು ನನ್ನ ಬೆನ್ನು ತಟ್ಟಿ ನಕ್ಕರು: “ಲೋ ಶ್ರೀಪತಿ, ಅವನ ಮುಂದೆ ನೀನು ನೆಟ್ಟ ಕಂಬ ಕಣೋ! ಒಂದೇ ಒಂದು ಸಲ ಬನಿಯನ್ ಹಾಕ್ಲಿ, ನಂಜಪ್ಪನನ್ನೇ ಕೆಳಗಿಳಿಸಿ ಇವನನ್ನ ಮೊದಲು ಹೇಳ್ತೀನಿ.”

ನಾನೂ ನಕ್ಕೆ. ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು.

ಮುಂದಿನ ವಾರ ಮೈಸೂರಿನ ತಂಡಕ್ಕೆ ಅರ್ಜಿ ಕರೆದರು. ರಾಜ್ಯದ ಹೊರಗೆ ಕೆಲಸದಲ್ಲಿರುವ ಹುಡುಗರಲ್ಲಿ ಒಬ್ಬನಿಗೆ ಮಾತ್ರ ಜಾಗ. ತಂಡಕ್ಕೆ ಸೇರಿದವನಿಗೆ ರೈಲ್ವೆಯಲ್ಲಿ ಕೆಲಸ ಸಿಗುವುದು ಹೆಚ್ಚುಕಡಿಮೆ ಖಂಡಿತ. ನಾನೂ ಅರ್ಜಿ ಹಾಕಿದೆ. ಆದರೆ ನನಗೆ ಕೆಲಸವಿತ್ತು, ಮಾದೇಶ. ಬೇಕಾಗಿದ್ದದ್ದು ನಿನಗೆ. ನೀನು ಆ ಇಂಗ್ಲಿಷ್ ಫಾರಂ ಹಿಡಿದು ನಮ್ಮ ಮನೆಗೆ ಬಂದೆ. “ಬರ್ದ್‌ಬುಡಿ ಸಾಮಿ. ಇಂಗ್ಲೀಸು ನಂಗೆಲ್ಲಿ ತೆರಿಯುಂ? ರೈಲ್ವೆ ಸಿಕ್ರ ಈ ಕೈ ವಾಸಿಯಾಯ್ತದ” ಎಂದೆ. ಅಮ್ಮ ನಿನಗೆ ಜಗಲಿಯಲ್ಲೇ, ಬೇರೆ ಲೋಟದಲ್ಲಿ ನೀರು ಕೊಟ್ಟಳು. ನಾನು ಪೆನ್ನಿಗೆ ಮಸಿ ತುಂಬಿಸುತ್ತಾ ಕೂತಿದ್ದೆ. ಜಾತಿಗೂ ನಾನು ಮಾಡಿದ್ದಕ್ಕೂ ಸಂಬಂಧವಿಲ್ಲ ಎಂದು ಬಹಳ ದಿನ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ—ಒಳಗೆ ಕೂತು ಉಣ್ಣುತ್ತಿದ್ದ ಗೆಳೆಯನಾಗಿದ್ದರೆ ನನ್ನ ಕೈ ಅಷ್ಟು ಸಲೀಸಾಗಿ—

ಬರೆದೆ. ನೀನು ನನ್ನ ಪಕ್ಕದಲ್ಲೇ ಕೂತು, ನನ್ನ ಅಕ್ಷರವನ್ನು ಮೆಚ್ಚಿಕೊಂಡು ನೋಡುತ್ತಿದ್ದೆ.

ಉತ್ತರ ನಮ್ಮ ಮನೆಯ ವಿಳಾಸಕ್ಕೇ ಬಂತು. ಎರಡೇ ಸಾಲು. ಅದನ್ನು ನಿನಗೆ ಎಗ್ಮೋರ್ ಸ್ಟೇಷನ್ನಿನಲ್ಲಿ ಓದಿ ಹೇಳಿದೆ: ಅರ್ಜಿದಾರ ಮದ್ರಾಸು ರಾಜ್ಯದವನಾದ್ದರಿಂದ ತೆಗೆದುಕೊಳ್ಳಲಾಗುವುದಿಲ್ಲ. ನಿನ್ನ ಮುಖ ಚಿಕ್ಕದಾಯಿತು. “ಕೊಳ್ಳೇಗಾಲ ಮೈಸೂರ್ಗ ಸೇರ್ತು ಅಂದ್ರಲ್ಲಾ ಸಾಮಿ ಎಲ್ಲಾರೂವಿ?” ಎಂದು ಕೇಳಿದೆ.

“ಸರ್ಕಾರದ ಕಾಗದದಲ್ಲಿ ಇನ್ನೂ ಸೇರಿಲ್ಲವಂತೆ ಕಣಪ್ಪಾ,” ಎಂದೆ.

ಎರಡನೆಯ ಸಾಲನ್ನು ನಾನು ಓದಲೇ ಇಲ್ಲ. ವಿವರದಲ್ಲಿ ತಪ್ಪಿದ್ದರೆ ಹದಿನೈದು ದಿನದೊಳಗೆ ತಿದ್ದಿ ಕಳಿಸಬಹುದು ಎಂದಿತ್ತು ಅದರಲ್ಲಿ. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡೆ. ಹದಿನೈದು ದಿನ, ಮಾದೇಶ! ಮೊದಲ ಪಾಪ ಒಂದು ಗಳಿಗೆಯದು ಎಂದಾದರೂ ಇಟ್ಟುಕೊಳ್ಳೋಣ. ಇದನ್ನು ದಿನಾ ಎದ್ದು, ಕಾಫಿ ಕುಡಿದು, ನಿನ್ನ ಜೊತೆ ಚೆಂಡಾಡಿಕೊಂಡೇ ಮಾಡಿದೆ. ಥೂ, ನನ್ನ ಜನ್ಮಕ್ಕಿಷ್ಟು!

ಆ ಜಾಗ ನನಗೇ ಸಿಕ್ಕಿತು. ಎರಡು ಪಂದ್ಯ ಆಡಿದೆ, ಎರಡರಲ್ಲೂ ಸೋತೆವು. ಆದರೆ ಬನಿಯನ್ ತೊಟ್ಟೆನಲ್ಲ! ಅಂದಿನಿಂದ ಬೆಂಚಿನ ಮೇಲೆ ಗುಂಡಣ್ಣನವರು ಬೆರಳು ಮಡಿಸಿ ನಾಲ್ವರ ಹೆಸರು ಹೇಳಿ, ಕೊನೆಗೆ ಅಭಿಮಾನದಿಂದ “ಐದನೆಯವನು ನಮ್ಮ ಶ್ರೀಪತಿ” ಎನ್ನುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಒಮ್ಮೆ ಯಾರೋ ನಿನ್ನ ಹೆಸರು ಎತ್ತಿದರು. “ಪಾಪ, ಅವನು ಬನಿಯನ್ ಹಾಕ್ಲಿಲ್ಲವಲ್ಲಪ್ಪಾ,” ಎಂದರು ಗುಂಡಣ್ಣನವರು. ನಾನು ಪೇಪರಿನಲ್ಲಿ ಮುಖ ಹುದುಗಿಸಿದೆ.

ನೀನು ಸುಣ್ಣದ ತೊಟ್ಟಿಯಲ್ಲೇ ಉಳಿದೆ. ಮೂರು ವರ್ಷದಲ್ಲಿ ಬಲಗೈಯ ಬೆರಳುಗಳು ಕೀವು ತುಂಬಿ, ಎರಡು ಮಡಚಲು ಬಾರದಾದವು. ಆಟ ಬಿಟ್ಟೆ.

ಕಳೆದ ಸೋಮವಾರ ಮತ್ತೆ ನಮ್ಮ ಜಗಲಿಗೆ ಬಂದೆಯಲ್ಲ—ಮಗಳನ್ನು ಶಾಲೆಗೆ ಸೇರಿಸುವ ಫಾರಂ ಹಿಡಿದು. ಎರಡು ಅಂಗೈಗಳ ನಡುವೆ ಒತ್ತಿ ಹಿಡಿದಿದ್ದೆ ಅದನ್ನು. ಹುಟ್ಟೂರಿನ ಮುಂದೆ ‘ಕೊಳ್ಳೇಗಾಲ, ಮೈಸೂರು ಜಿಲ್ಲೆ’ ಎಂದು ಬರೆದು, ಬರೆದದ್ದನ್ನು ಓದಿ ಹೇಳಿದೆ. ನೀನು ತಲೆ ಎತ್ತಿದೆ.

“ಈಗ ಆಯ್ತಾ ಸಾಮಿ ಕಾಗ್ದದಲ್ಲಿ?”

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. “ಆಯ್ತು” ಎಂದೆ.

ನೀನು ನಕ್ಕೆ. “ಬುಡಿ, ಮಗಳ ಕಾಲಕ್ಕಾದ್ರೂ ಆಯ್ತಲ್ಲ.”

ನೀನು ಬೈದಿದ್ದರೆ, ಅನುಮಾನಪಟ್ಟಿದ್ದರೆ—ಇಲ್ಲ, ಹಾಗೆ ಆಸೆಪಡುವುದಕ್ಕೂ ನನಗೆ ಹಕ್ಕಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ. ಆ ಬೆರಳುಗಳನ್ನು ನೋಡಿ ಆ ಮಾತು ಆಡಲು ನನಗೆ ಬಾಯಿಲ್ಲ. ಗುಂಡಣ್ಣನವರ ಬೆಂಚಿನ ಮುಂದೆಯೂ ನಿಂತು ಹೇಳುತ್ತೇನೆ, ಮಡಿಸಿದ ಐದನೆಯ ಬೆರಳು ಯಾರದೆಂದು. ಆದರೆ ಅವರು ನಿನಗಿಂತ ಮೊದಲು ಕೇಳಬಾರದು.

ಇದನ್ನು ಅಂಚೆಗೆ ಹಾಕಲಾರೆ. ನೀನು ಐದನೇ ಕ್ಲಾಸಿನವರೆಗೆ ತಮಿಳು ಓದಿದವನು, ಕನ್ನಡ ಅಕ್ಷರ ಬಾರದು. ಓದಿಸಿಕೊಳ್ಳಲು ಇದನ್ನು ನನ್ನ ಹತ್ತಿರವೇ ತರುತ್ತೀ. ಆದ್ದರಿಂದ ಈ ಭಾನುವಾರ ನಾನೇ ಎಗ್ಮೋರಿನಲ್ಲಿ ರೈಲು ಹತ್ತಿ ಕ್ರೋಂಪೇಟೆಗೆ ಬರುತ್ತೇನೆ. ಹನ್ನೊಂದು ವರ್ಷ ಪೆಟ್ಟಿಗೆಯಲ್ಲಿಟ್ಟ ಆ ಉತ್ತರವನ್ನೂ ತರುತ್ತೇನೆ. ನಿನ್ನ ಹೆಂಡತಿ, ಮಗಳು ಇಬ್ಬರೂ ಎದುರಿಗಿರಲಿ. ಎರಡು ಕಾಗದವನ್ನೂ ನಾನೇ ಓದುತ್ತೇನೆ, ಈ ಸಲ ಒಂದು ಸಾಲನ್ನೂ ಬಿಡದೆ.