ವೈನಿಯ ಹೊಲಕ್ಕೆ ಹೊತ್ತೊಯ್ದ ಕಲ್ಲಂಗಡಿ

ಕಲ್ಲಂಗಡಿ ಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದವರಿಗೆ ಮಾತ್ರ ಅದರ ನಿಜವಾದ ತೂಕ ಗೊತ್ತು. ಬ್ಯಾಡಗಿಯಲ್ಲಿ ಹತ್ತುವಾಗ ಎಳೆಗೂಸಿನಂತೆ ಹಿತವಾಗಿದ್ದದ್ದು, ಮೋಟೆಬೆನ್ನೂರು ದಾಟುವಷ್ಟರಲ್ಲಿ ನನ್ನ ಎರಡೂ ಕಾಲಿಗೆ ಜೋಮು ಹಿಡಿಸಿ, ಪಕ್ಕದ ಖಾಲಿ ಸೀಟಿಗೆ ವರ್ಗವಾಯಿತು. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಹೆಂಗಸರ ಉಚಿತ ಟಿಕೆಟು ಕೊಟ್ಟು, ಹಣ್ಣಿನ ಕಡೆಗೆ ಗಂಭೀರವಾಗಿ ತಿರುಗಿ, "ಅಕ್ಕಾರ, ಇವರ ಕಾರ್ಡ್ ತೋರಸ್ರಿ" ಎಂದ. ಇವರು ಇನ್ನೂ ಸಣ್ಣವರೆಂದು ನಾನು ಹೇಳಿದೆ. "ಇಷ್ಟ ಹೊಟ್ಟಿ ಇದ್ದವರು ಸಣ್ಣವರು ಹೆಂಗ ಆಗ್ತಾರ್ರಿ" ಎಂದು ಅವನು ಮುಂದಿನ ಸೀಟಿಗೆ ಹೋದ.

ನಮ್ಮ ಬ್ಯಾಡಗಿಗೆ ಬೇಸಿಗೆ ಬಂದದ್ದು ಚರ್ಮಕ್ಕಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಮಾರುಕಟ್ಟೆಯ ಮೆಣಸಿನಕಾಯಿ ಘಾಟು ಗಾಳಿಯೇರಿ ನಾನು ಪಾಠ ಹೇಳುವ ಶಾಲೆಯ ಕಿಟಕಿಯವರೆಗೆ ಬಂದರೆ, ಬೆಳಗಿನ ಪ್ರಾರ್ಥನೆಯಲ್ಲಿ ಸ್ವರಕ್ಕಿಂತ ಸೀನೇ ಹೆಚ್ಚಾಗುತ್ತದೆ. ಇಂಥ ಊರಿನವಳು ತಣ್ಣನೆಯ ಹಣ್ಣಿಗೆ ಆಸೆಪಟ್ಟರೆ ಅದನ್ನು ಹೊಟ್ಟೆಬಾಕತನ ಎನ್ನಬೇಡಿ, ಔಷಧೋಪಚಾರ ಎನ್ನಿ. ಬಿಸಿಲು ಶುರುವಾದಾಗ ಉಪ್ಪು ಖಾರ ಹಚ್ಚಿದ ಎಳೆ ಸೌತೆಕಾಯಿ, ಆಮೇಲೆ ಬೆಲ್ಲ ಬೆರೆಸಿದ ಕರಬೂಜದ ಪಾನಕ, ಅದರ ಬೆನ್ನಿಗೇ ಮೊಣಕೈಯವರೆಗೆ ರಸ ಇಳಿಸುವ ಮಾವು, ಮೊದಲ ಮಳೆಗೆ ನಾಲಿಗೆಗೆ ಬಣ್ಣ ಬಳಿಯುವ ನೇರಳೆ. ಈಗ ಎಲ್ಲ ಹಣ್ಣೂ ಎಲ್ಲ ಕಾಲಕ್ಕೂ ಸಿಗುತ್ತದೆಂದು ಜನ ಹಿಗ್ಗುತ್ತಾರೆ. ನನಗೇನೋ ಅದರಲ್ಲಿ ಹಿಗ್ಗು ಕಾಣಿಸುವುದಿಲ್ಲ. ಹನ್ನೊಂದು ತಿಂಗಳು ಕಾಯಿಸಿ ಒಂದು ತಿಂಗಳು ಸಿಕ್ಕುವ ಹಣ್ಣಿನೊಳಗೆ ಆ ಹನ್ನೊಂದು ತಿಂಗಳ ಆಸೆಯೂ ರಸವಾಗಿ ಇಳಿದಿರುತ್ತದೆ. ದಿನವೂ ಸಿಗುವುದರಲ್ಲಿ ಬರೀ ಹಣ್ಣಿರುತ್ತದೆ.

ಆದರೆ ಅಂದು ನಾನು ಕಲ್ಲಂಗಡಿ ಹೊತ್ತು ಹೊರಟದ್ದು ಕಲ್ಲಂಗಡಿ ಬೆಳೆಯುವ ಮನೆಗೇ. ರಾಣೆಬೆನ್ನೂರಿನಿಂದ ಗುತ್ತಲಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ, ಹೊಲದಲ್ಲೇ ಮನೆ ಮಾಡಿಕೊಂಡು, ನನ್ನ ಅಣ್ಣ ಮತ್ತು ಅವನ ಹೆಂಡತಿ ಗಿರಿಜಾ ವೈನಿ ಬೀಜದ ಕಂಪನಿಗಾಗಿ ಪ್ಲಾಟು ಮಾಡುತ್ತಾರೆ, ಎಂದರೆ ಬಿತ್ತನೆಯ ಕಲ್ಲಂಗಡಿ ಬೀಜ ಬೆಳೆದು ಕೊಡುತ್ತಾರೆ. ಈ ಬೀಜದ ಪ್ಲಾಟಿನ ಲೋಕ ನಮ್ಮ ಲೋಕಕ್ಕೆ ಪೂರ್ತಿ ತಿರುವುಮುರುವು. ನಾವು ತಿರುಳು ತಿಂದು ಬೀಜ ಎಸೆದರೆ, ಅವರು ಬೀಜ ಉಳಿಸಿಕೊಂಡು ತಿರುಳನ್ನು ಎಮ್ಮೆಗೆ ಸುರಿಯುತ್ತಾರೆ. ಹೂ ಅರಳುವ ಕಾಲದಲ್ಲಿ ವೈನಿ ಬೆಳಕು ಹರಿಯುವ ಮೊದಲೇ ಹೊಲದಲ್ಲಿ ಬಗ್ಗಿ, ಒಂದೊಂದು ಹೆಣ್ಣು ಹೂವಿಗೂ ಬೇರೆ ತಳಿಯ ಗಂಡು ಹೂವು ಮುಟ್ಟಿಸಿ, ಗುರುತಿಗೆ ಕೆಂಪು ದಾರ ಕಟ್ಟುತ್ತಾರೆ. ಅಷ್ಟು ಮದುವೆ ಮಾಡಿಸಿದವರು ನಮ್ಮ ಸೀಮೆಯ ಪುರೋಹಿತರಲ್ಲೂ ಇರಲಾರರು. ಕಂಪನಿಯವರು ಬೀಜವನ್ನು ಸ್ವಲ್ಪ ಬಿತ್ತಿ ನೋಡುತ್ತಾರೆ. ಬೇರೆ ತಳಿ ತಲೆಯೆತ್ತಿದರೆ ಇಡೀ ಮಾಲು ಬೇಡವೆನ್ನುತ್ತಾರೆ. ವೈನಿಯ ಬೀಜ ಒಮ್ಮೆಯೂ ತಿರುಗಿ ಬಂದದ್ದಿಲ್ಲ. ಊರಿನಲ್ಲಿ ಅವರ ಹೆಸರು ನಿಂತಿರುವುದೇ ಈ ಒಂದು ಮಾತಿನ ಮೇಲೆ.

ಹಾಗಾದರೆ ನೀನೇಕೆ ಹಣ್ಣು ಹೊತ್ತೊಯ್ದೆ ಎಂದು ಕೇಳುತ್ತೀರಿ. ಬರಿಗೈಯಲ್ಲಿ ಹೋಗಬಾರದೆಂಬುದು ಒಂದು ನೆವ. ಬೆರಳಿನಿಂದ ಬಡಿದು ಸದ್ದು ಕೇಳಿಯೇ ಹಣ್ಣಿನ ಒಳಗನ್ನು ಹೇಳಬಲ್ಲೆನೆಂಬ ನನ್ನ ಜಂಬ ನಿಜವಾದ ಕಾರಣ.

ಹಣ್ಣು ಒಡೆಯುವ ದಿನ ಆ ಹೊಲದಲ್ಲಿ ಒಂದು ಪದ್ಧತಿಯಿದೆ. ಬಂದವರು ಹೊಟ್ಟೆ ಬಿರಿಯುವಷ್ಟು ತಿನ್ನಬಹುದು, ಆದರೆ ಒಂದು ಬೀಜವೂ ಹೊಟ್ಟೆಗೆ ಹೋಗಕೂಡದು. ಎಲ್ಲವನ್ನೂ ಬಕೇಟಿಗೆ ಉಗುಳಬೇಕು. ತಿನ್ನುವಾಗ ಮಾತೂ ಆಡುವಂತಿಲ್ಲ, ಮಾತಾಡಿದರೆ ಬೀಜ ಒಳಗಿಳಿಯುತ್ತದೆ. ವರ್ಷವೂ ಹೋಗುವ ನನ್ನಂಥವಳಿಗೆ ಇದು ಕಠಿಣ ವ್ರತ. ವೈನಿ ಮಾತ್ರ ತಿನ್ನುವುದೇ ಇಲ್ಲ. "ಬೀಜ ಎಲ್ಲಿ ನುಂಗಿಬಿಡ್ತೇನೋ ಅಂತ ಅಂಜಿಕಿ ನನಗ" ಎನ್ನುತ್ತಾರೆ.

ಅಂದು ನಾಲ್ವರು ಹೆಂಗಸರು ಬೇವಿನ ನೆರಳಿನಲ್ಲಿ ಹಣ್ಣು ಸೀಳಿ, ಬೀಜ ಬಳಿದು ಬಕೇಟು ತುಂಬಿಸುತ್ತಿದ್ದರು. ನಾನು ಅವರಿಗೆ ಬೆನ್ನು ಹಾಕಿ ಕುಳಿತು ನನ್ನ ಬ್ಯಾಡಗಿಯ ಹಣ್ಣನ್ನು ಹೋಳು ಮಾಡಿದೆ. ತಂದವಳೇ ಮೊದಲು ರುಚಿ ನೋಡುವುದು ನ್ಯಾಯವಲ್ಲವೇ. ಹಣ್ಣು ಸಕ್ಕರೆಯಂತಿತ್ತು. ಹೋಳಿನ ಮೇಲೆ ಹೋಳು ತಿಂದೆ, ವ್ರತನಿಷ್ಠೆಯಿಂದ ಮೌನವಾಗಿದ್ದೆ, ಮತ್ತು ಅಷ್ಟು ವರ್ಷದ ಶಿಸ್ತಿಗೆ ತಕ್ಕಂತೆ ಒಂದೊಂದು ಬೀಜವನ್ನೂ ಪಕ್ಕದಲ್ಲೇ ಇದ್ದ ವೈನಿಯ ಬಕೇಟಿಗೇ ಉಗುಳಿದೆ.

ಏನು ಮಾಡಿದೆನೆಂದು ಹೊಳೆದಾಗ ಬಾಯಲ್ಲಿದ್ದ ಹಣ್ಣು ಸಪ್ಪಗಾಯಿತು. ಬಗ್ಗಿ ನೋಡಿದೆ. ಆ ಕೆಂಪು ರಸದಲ್ಲಿ ಅವರ ಬೀಜ ಯಾವುದು, ನನ್ನದು ಯಾವುದು ಎಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ನಿಮ್ಮಲ್ಲೇಕೆ ಮುಚ್ಚಿಡಲಿ, ಸುಮ್ಮನಿದ್ದುಬಿಡಲೇ ಎಂದು ಮನಸ್ಸು ಬಹಳ ಸಭ್ಯವಾಗಿ ಕೇಳಿತು. ಅಷ್ಟು ಬೀಜದಲ್ಲಿ ಒಂದು ಹಿಡಿ ಯಾರ ಕಣ್ಣಿಗೆ ಬೀಳುತ್ತದೆ? ಬಿದ್ದರೂ ಟೀಚರಮ್ಮನ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಆಗ ಬಕೇಟು ಎತ್ತಲು ಬಂದ ವೈನಿಯ ಕೈ ಕಂಡೆ. ದಾರ ಕಟ್ಟಿ ಕಟ್ಟಿ ತೋರುಬೆರಳಿನ ಮೇಲೆ ಗೆರೆಯೇ ಬಿದ್ದಿತ್ತು. ನನಗೆ ನಾಚಿಕೆಯಾಯಿತು.

"ವೈನಿ, ನಾ ತಂದ ಹಣ್ಣಿನ ಬೀಜಾನೂ ಇದರಾಗ ಉಗುಳೇನಿ" ಎಂದೆ.

ನಾಲ್ವರ ಕುಡುಗೋಲೂ ನಿಂತವು.

"ಎಷ್ಟ ಹೋಳು ತಿಂದಿ?" ವೈನಿ ಕೇಳಿದರು.

"ನಾಕು."

"ಖರೇ ಹೇಳು, ಸುಮಾ."

"ಏಳು."

ವೈನಿ ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಬೆಳಗಿನಿಂದ ತುಂಬಿದ ಬಕೇಟನ್ನು ಪಕ್ಕಕ್ಕೆ ಎಳೆದಿಟ್ಟು, "ಇದನ್ನ ಕುದಿಸಿ ಎಮ್ಮಿಗೆ ಹಾಕ್ರಿ. ಹಸೀದು ಹಾಕಿದ್ರ ಸಗಣ್ಯಾಗ ಮೊಳಕಿ ಒಡಿತಾವು" ಎಂದಷ್ಟೇ ಹೇಳಿ, ತೊಳೆದ ಇನ್ನೊಂದು ಬಕೇಟು ತಂದಿಟ್ಟರು. ನಾನು ಸಂಜೆಯವರೆಗೆ ಆ ಹೆಂಗಸರ ಜೊತೆ ಕುಳಿತು ಹಣ್ಣು ಸೀಳಿದೆ. ಒಂದು ಹೋಳೂ ಬಾಯಿಗಿಡಲಿಲ್ಲ. ಯಾರೂ ಇಡು ಎನ್ನಲೂ ಇಲ್ಲ.

ಹೆಂಗಸರು ಹೋದ ಮೇಲೆ ವೈನಿ ಕೈಕಾಲು ತೊಳೆದು ಕಟ್ಟೆಯ ಮೇಲೆ ಬಂದು ಕುಳಿತರು. ನನ್ನ ಹಣ್ಣಿನ ಅರ್ಧ ಇನ್ನೂ ಉಳಿದಿತ್ತು. "ಕೊಡಿಲ್ಲೆ. ಇಷ್ಟ ನುಕಸಾನ ಮಾಡಿದ ಹಣ್ಣು ಹೆಂಗ ಐತಿ ನೋಡೂಣು" ಎಂದು ಒಂದು ಹೋಳು ಕಚ್ಚಿದರು. ಬೀಜಗಳನ್ನು ದವಡೆಗೆ ಒತ್ತರಿಸಿಕೊಂಡು ಅಭ್ಯಾಸದಂತೆ ಅತ್ತಿತ್ತ ಬಕೇಟು ಹುಡುಕಿದರು. ಬಕೇಟಿರಲಿಲ್ಲ. ಕೊನೆಗೆ ಅಂಗಳಕ್ಕೆ ಫೂ ಎಂದು ಉಗುಳಿದರು. ಸೀಸನ್ನಿನ ಹಣ್ಣು, ಸೀಸನ್ನಿನ ಹಣ್ಣು ಎಂದು ನಾನು ಜಪ ಮಾಡುತ್ತ ಬಂದ ಅಷ್ಟೂ ವರ್ಷ ಈ ಮನೆಯಲ್ಲಿ ಹಣ್ಣನ್ನು ಹಣ್ಣಾಗಿ ತಿನ್ನದೆ ಉಳಿದವರು ಇವರೊಬ್ಬರೇ ಎಂಬುದು ನನಗೆ ಆಗ ತಿಳಿಯಿತು. ವೈನಿಗೆ ಅದೆಲ್ಲ ಬೇಕಿರಲಿಲ್ಲ. ಎರಡನೆಯ ಹೋಳಿಗೆ ಅವರ ಬೀಜ ತುಳಸಿಕಟ್ಟೆ ದಾಟಿತು. ನಾನೂ ಸೆರಗು ಸಿಕ್ಕಿಸಿ ಕಣಕ್ಕಿಳಿದೆ. ಐವತ್ತು ದಾಟಿದ ಇಬ್ಬರು ಹೆಂಗಸರು ಹಣ್ಣು ಮುಗಿಯುವವರೆಗೆ ಉಗುಳಿದೆವು.

ಬೆಳಿಗ್ಗೆ ವೈನಿಯೇ ನನ್ನನ್ನು ಅಲುಗಾಡಿಸಿ ಎಬ್ಬಿಸಿದರು. "ಏಳು, ಲಗೂ ಏಳು. ರಾತ್ರಿ ಉಗುಳಿದ ಬೀಜ ಆರಸಬೇಕು. ಇಲ್ಲೇ ಮೊಳತು ಹೂ ಬಿಟ್ರ ನಮ್ಮ ಪ್ಲಾಟಿಗೆ ಹುಳ ಅದರ ಪುಡಿ ಹೊತ್ತು ತರತಾವು."

ಅಣ್ಣ ಏಳುವ ಮೊದಲೇ ಇಬ್ಬರೂ ಸೀರೆ ಎತ್ತಿ ಕಟ್ಟಿ ಮೊಣಕಾಲೂರಿ ಅಂಗಳದಲ್ಲಿ ಹರಿದಾಡಿದೆವು. ಕಟ್ಟೆಯ ಬುಡದಲ್ಲೇ ನನ್ನ ಬೀಜಗಳು ಒಂದರ ಪಕ್ಕ ಒಂದು ಸಿಕ್ಕವು. ವೈನಿ ಅವನ್ನು ನೋಡಿ ನಕ್ಕು, ಎದ್ದು ನಿಂತು, ಸೊಂಟಕ್ಕೆ ಕೈಯಿಟ್ಟು ದೂರ ನೋಡಿದರು.

"ನಿನ್ನವು ಇಲ್ಲೇ ಬಿದ್ದಾವು, ನೀನ ಆರಿಸ್ಕೊ" ಎಂದರು. "ನಾ ಬೇಲಿ ಆಚಿ ಹೋಗ್ತೇನಿ. ನನ್ನವೆಲ್ಲಾ ಅಲ್ಲೆ ಅದಾವು."