ದೂರದಿಂದ ಕಾಣುವ ಚಾಳೀಸು

ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ಚಾಳೀಸ್ ಎಂದರೆ ನಲವತ್ತು. ನಲವತ್ತು ದಾಟಿದವರ ಸಾಮಾನು ಎಂದು ಹೆಸರೇ ಹೇಳುತ್ತಿರುವಾಗ, ಹನ್ನೆರಡು ವರ್ಷದ ಹುಡುಗಿಯೊಬ್ಬಳು ಅದನ್ನು ಏರಿಸಿಕೊಂಡು ಶಿರಹಟ್ಟಿಯ ಪೇಟೆಯಲ್ಲಿ ನಡೆದರೆ ಜನ ಸುಮ್ಮನಿರುತ್ತಾರೆಯೆ? ನನ್ನನ್ನು ಅಜ್ಜಿ ಎಂದು ಕರೆದರು. ಹಾಗೆ ಕರೆದ ಇಬ್ಬರಿಗೆ ನಾನು ಕಲ್ಲು ಬೀಸಿದೆ, ಒಂದು ಸರಿಯಾಗಿ ತಾಗಿತು. ಮನೆಗೆ ದೂರು ಬಂದಾಗ ಅಪ್ಪ, ಚಾಳೀಸು ಕೊಡಿಸಿದ್ದು ಸಾರ್ಥಕವಾಯಿತು ಎಂದು ನಕ್ಕುಬಿಟ್ಟ.

ಅಪ್ಪ ಸಂಸ್ಥಾನದ ಕಚೇರಿಯಲ್ಲಿ ಕಾರಕೂನನಾಗಿದ್ದ. ಶಾಲೆಯ ಹಲಗೆಯ ಮೇಲೆ ಬರೆದದ್ದು ನನಗೆ ಕಾಣುವುದಿಲ್ಲ ಎಂದು ಗೊತ್ತಾದಾಗ ಗದಗಿಗೆ ಕರೆದುಕೊಂಡು ಹೋಗಿ ಕೊಡಿಸಿದವನು ಅವನೇ. ತಂತಿಯ ದುಂಡು ಫ್ರೇಮು. ಆರಿಸುವ ಮಾತೇ ಇರಲಿಲ್ಲ, ಅಂಗಡಿಯವನ ಹತ್ತಿರ ಮಕ್ಕಳ ಅಳತೆಯದು ಅದೊಂದೇ ಇತ್ತು. ಆದರೆ ಅದೇ ವರ್ಷ ನಮ್ಮ ಹೆಣ್ಣುಮಕ್ಕಳ ಶಾಲೆಗೆ ತಪಾಸಣೆಗೆ ಬಂದ ಅಧಿಕಾರಿ ಹೆಂಗಸಿನ ಮುಖದ ಮೇಲೆ ಕರಿಯ ದಪ್ಪ ಫ್ರೇಮು ಇತ್ತು. ಆಕೆ ಕೇಳಿದ ಲೆಕ್ಕ ನೆನಪಿಲ್ಲ. ಆಕೆ ತಲೆ ಎತ್ತಿ ನೋಡಿದ ಕೂಡಲೇ ನಮ್ಮ ಹೆಡ್ ಮಾಸ್ತರರು ಕೈ ಕಟ್ಟಿ ನಿಂತದ್ದು ನೆನಪಿದೆ. ನನಗೂ ಇಂಥದ್ದೇ ಬೇಕು ಎಂದು ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಸಂಸ್ಥಾನಗಳು ಹೋಗಿ ಮುಂಬೈ ಸರಕಾರ ಬಂದ ಮೇಲೆ, ನನ್ನ ಹದಿನೇಳನೆಯ ವಯಸ್ಸಿನಲ್ಲಿ, ಲಕ್ಷ್ಮೇಶ್ವರದ ಶೇಂಗಾ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದೆ. ಆ ಮನೆಯಲ್ಲಿ ಮಾವನವರ ಎದುರಿಗೆ ಸೊಸೆ ತಲೆಯ ಮೇಲೆ ಸೆರಗು ಎಳೆದುಕೊಳ್ಳಬೇಕು, ಮುಖ ಎತ್ತಬಾರದು, ಚಾಳೀಸು ಹಾಕಿರಬಾರದು. ಮೊದಲಿನ ಎರಡು ಎಲ್ಲ ಮನೆಗಳಲ್ಲೂ ಇದ್ದವು. ಮೂರನೆಯದು ನನಗಾಗಿಯೇ ಮಾಡಿದ ಕಾನೂನು. ಹಿರಿಯರ ಮುಂದೆ ಚಾಳೀಸು ಹಾಕಿಕೊಂಡು ನಿಲ್ಲುವುದು ಚಪ್ಪಲಿ ಮೆಟ್ಟಿಕೊಂಡು ನಿಂತಷ್ಟೇ ಸೊಕ್ಕು ಎಂದು ನಾನು ಬಂದ ವಾರದಲ್ಲೇ ಅತ್ತೆ ತಿಳಿಸಿ ಹೇಳಿದರು. ಮಾವನವರು ಕೆಮ್ಮಿಕೊಂಡೇ ಒಳಗೆ ಬರುತ್ತಿದ್ದರು. ಕೆಮ್ಮು ಕೇಳಿದ ಕೂಡಲೇ ನಾನು ಚಾಳೀಸು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ. ಹೀಗಾಗಿ ಮೂರು ವರ್ಷ ಮಾವನವರೆಂದರೆ ನನಗೆ ಒಂದು ಬಿಳಿಯ ರುಮಾಲು, ಒಂದು ಕೆಮ್ಮು, ರೊಟ್ಟಿಗೆ ಚಾಚುವ ಒಂದು ಕೈ, ಅಷ್ಟೇ. ಒಂದೇ ಸೂರಿನ ಕೆಳಗಿದ್ದೂ ಅವರ ಮೂಗು ಹೇಗಿದೆ ಎಂದು ಯಾರಾದರೂ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ಇದರಿಂದ ನನಗೆ ದುಃಖವಾಗುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು.

ವ್ಯಾಪಾರದಲ್ಲಿ ಮಾವನವರ ಹೆಸರು ದೊಡ್ಡದು. ಸೊರಟೂರಿನಿಂದ, ಹಮ್ಮಿಗಿಯಿಂದ ಚೀಲ ತಂದವರ ಮುಂದೆ ಒಂದು ಶೇಂಗಾ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕಾಳು ಎಷ್ಟು ತುಂಬಿದೆ ಎಂದು ಹೇಳಿಬಿಡುತ್ತಿದ್ದರಂತೆ. ನೋಡುವ ಅಗತ್ಯವೇ ಇಲ್ಲ, ಕಿವಿಯಲ್ಲೇ ತೂಗುತ್ತಾರೆ ಎಂದು ಪೇಟೆಯವರು ಮೆಚ್ಚುತ್ತಿದ್ದರು. ಓದುವ ಕೆಲಸ ಬಂದರೆ ಮಾತ್ರ ಮಗನ ಕೈಗೆ ಕೊಡುತ್ತಿದ್ದರು. ತಾವು ಸಂಸ್ಥಾನದ ಶಾಲೆಯಲ್ಲಿ ಮರಾಠಿ, ಮೋಡಿ ಲಿಪಿ ಕಲಿತವರು, ಕನ್ನಡ ಅಕ್ಷರ ಜಲ್ದಿ ಹಿಡಿಯುವುದಿಲ್ಲ ಎನ್ನುತ್ತಿದ್ದರು. ಆ ತಲೆಮಾರಿನ ಬಹಳ ಜನ ಹಾಗೆಯೇ ಇದ್ದುದರಿಂದ ಯಾರೂ ಅದರ ಬಗ್ಗೆ ಎರಡನೆಯ ಮಾತು ಆಡಲಿಲ್ಲ.

ಒಂದು ಬೆಳಿಗ್ಗೆ ಬೀಸುವ ಕಲ್ಲಿನ ಮುಂದೆ ಕುಳಿತಾಗ ಸೊಂಟದಲ್ಲಿದ್ದ ಚಾಳೀಸು ಮುರಿಯಿತು. ಗಾಜೂ ಹೋಯಿತು. ಆಗ ಶೇಂಗಾ ಸುಗ್ಗಿ. ನಮ್ಮ ಮನೆಯವರು ವಾರದಲ್ಲಿ ನಾಲ್ಕು ದಿನ ಮುಂಡರಗಿಯಲ್ಲೇ ಇರುತ್ತಿದ್ದರು. ಸುಗ್ಗಿ ಮುಗಿಯಲಿ, ನೋಡೋಣ ಎಂದರು. ಅತ್ತೆಯಂತೂ ಪೀಡೆ ತೊಲಗಿತು ಎಂಬಂತೆ ಇದ್ದರು. ಎರಡು ತಿಂಗಳು ನಾನು ಗೋಡೆ ಸವರಿಕೊಂಡು ಓಡಾಡಿದೆ. ಜೋಳದಲ್ಲಿ ಕಲ್ಲು ಉಳಿದರೆ ಬೈಸಿಕೊಂಡೆ.

ಹೀಗಿರುವಾಗ ಒಂದು ದಿನ ಹಿತ್ತಲಿನ ಬಾವಿಯ ಹತ್ತಿರ ತುಂಬಿದ ಕೊಡ ಎತ್ತಿಕೊಳ್ಳಲು ಹೊರಟಿದ್ದೆ. ಬಾಗಿಲಲ್ಲಿ ಯಾರೋ ನಿಂತಂತಾಯಿತು. ಮನೆಯಲ್ಲಿ ನನಗಿಂತ ಎರಡು ವರ್ಷ ಚಿಕ್ಕವನಾದ ಮೈದುನನಿದ್ದ, ನಮ್ಮಿಬ್ಬರಿಗೂ ಬಹಳ ಸಲಿಗೆ. ಅವನೇ ಎಂದುಕೊಂಡೆ.

"ಲೇ, ಕಂಬದಂಗ ನಿಂತಿಯಲ್ಲೋ, ಬಾ ಇಲ್ಲೆ, ಈ ಕೊಡ ಎತ್ತ" ಎಂದೆ.

ಆ ಆಕೃತಿ ಬಂದಿತು, ಬಗ್ಗಿತು, ಕೊಡ ಎತ್ತಿ ನನ್ನ ಸೊಂಟದ ಮೇಲೆ ಇಟ್ಟಿತು.

"ಆತೇನವ್ವಾ?" ಎಂದಿತು. ದನಿ ಮಾವನವರದು.

ಕೊಡ ಹೇಗೆ ಒಳಗೆ ತಂದೆನೋ ಗೊತ್ತಿಲ್ಲ. ಅಂದು ಅವರು ಕೆಮ್ಮಿರಲಿಲ್ಲ, ತಪ್ಪು ಅವರದೇ ಎಂದು ಈಗಲೂ ನನ್ನ ವಾದ. ಆದರೆ ಆಗ ಭೂಮಿ ಬಾಯಿ ಬಿಡಲಿ ಎನ್ನಿಸಿತ್ತು. ಅತ್ತೆಗೆ ಹೇಳುತ್ತಾರೆ, ಅತ್ತೆ ತವರಿಗೆ ಹೇಳಿ ಕಳಿಸುತ್ತಾರೆ ಎಂದು ಮೂರು ದಿನ ಕಾದೆ. ಏನೂ ಆಗಲಿಲ್ಲ. ನಾಲ್ಕನೆಯ ದಿನ ಮಾವನವರು ಪಡಸಾಲೆಯಿಂದಲೇ, ಸೋಮವಾರ ಗದಗಿಗೆ ಹೊರಟಿದ್ದೇನೆ, ಸೊಸೆಯೂ ಬರಲಿ, ಚಾಳೀಸು ಆಗಬೇಕು ಎಂದು ಅತ್ತೆಗೆ ಹೇಳಿದರು. ಲೇ ಎಂದ ಸುದ್ದಿ ಎತ್ತಲಿಲ್ಲ.

ಮೋಟಾರಿನ ವಾಸನೆಗೆ ಅತ್ತೆಯ ಹೊಟ್ಟೆ ತೊಳಸುತ್ತಿತ್ತು, ಆದ್ದರಿಂದ ಅವರು ಬರಲಿಲ್ಲ. ಬದಲಿಗೆ ಅಪ್ಪಣೆ ಕೊಟ್ಟರು. "ಹಾಕ್ಕೊಂಡಿದ್ದು ಹಾಕ್ಕೊಂಡಂಗ ಕಾಣಬಾರದು. ಅಂಥಾದ್ದು ತಗೊಂಡ ಬಾ."

ಅದು ಕರ್ನಾಟಕ ಒಂದಾದ ಹೊಸತು. ಲಕ್ಷ್ಮೇಶ್ವರದ ಕಚೇರಿ, ಅಂಗಡಿಗಳ ಮೇಲಿನ ಮರಾಠಿ ಬೋರ್ಡುಗಳನ್ನು ಇಳಿಸಿ ಕನ್ನಡದಲ್ಲಿ ಬರೆಸುತ್ತಿದ್ದರು, ಪೇಟೆಯ ತುಂಬ ಬಣ್ಣದ ವಾಸನೆ. ಸ್ಟ್ಯಾಂಡಿನಲ್ಲಿ ಮಾವನವರು ಬಸ್ಸಿನ ಬೋರ್ಡು ಓದಲಿಲ್ಲ, ಪಕ್ಕದವರನ್ನು ಕೇಳಿದರು. ಈ ಹೊಸ ಅಕ್ಷರ ತಮಗೆ ಬರುವುದಿಲ್ಲ ಎಂದು ನಕ್ಕರು. ಅವರು ಮುಂದೆ ಗಂಡಸರ ಜೊತೆ ಕುಳಿತರು, ನಾನು ಹಿಂದೆ. ಗದಗಿನಲ್ಲಿ ಕಣ್ಣಿನ ಡಾಕ್ಟರು ನನ್ನನ್ನು ಪರೀಕ್ಷಿಸುವಾಗ ಅವರು ಹೊರಗೇ ನಿಂತರು. ತಮ್ಮ ಕಣ್ಣಿನ ಮಾತು ತೆಗೆಯಲಿಲ್ಲ.

ಚೀಟಿ ಹಿಡಿದುಕೊಂಡು ಅಂಗಡಿಗೆ ಹೋದೆವು. ಅದು ಗಡಿಯಾರ ರಿಪೇರಿಯ ಅಂಗಡಿ, ಅರ್ಧ ಭಾಗದಲ್ಲಿ ಕನ್ನಡಕದ ವ್ಯಾಪಾರ. ಅಂಗಡಿಯವರು ನನ್ನ ಮುಂದೆ ಫ್ರೇಮುಗಳನ್ನು ಸಾಲಾಗಿ ಇಟ್ಟರು. ತಂತಿಯವು, ಅರ್ಧ ಕಟ್ಟಿನವು, ಜೇನಿನ ಬಣ್ಣದವು, ಕೊನೆಗೆ ಕರಿಯ ದಪ್ಪನೆಯದೊಂದು. ಒಂದೊಂದಾಗಿ ಹಾಕಿ ಕನ್ನಡಿ ಹಿಡಿದರು. ದುಂಡು ಮುಖಕ್ಕೆ ಚೌಕದ್ದು ಒಪ್ಪುತ್ತದೆ, ಚೌಕ ಮುಖಕ್ಕೆ ದುಂಡನೆಯದು ಎಂದು ಈಗಿನ ಅಂಗಡಿಗಳಲ್ಲಿ ಪಾಠ ಹೇಳುತ್ತಾರೆ, ನನಗೂ ಹೇಳಿದ್ದಾರೆ. ಆದರೆ ಇಷ್ಟು ವರ್ಷದಲ್ಲಿ ಒಂದು ಮಾತನ್ನು ಯಾರೂ ಹೇಳಿಲ್ಲ. ಗಾಜಿಲ್ಲದ ಫ್ರೇಮು ಹಾಕಿಕೊಂಡಾಗ ದೃಷ್ಟಿ ಮಂದವಾದವರಿಗೆ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ಅಂದು ಕನ್ನಡಿಯಲ್ಲಿ ನನಗೆ ಕಂಡದ್ದು ಮಸಿ ಬಟ್ಟೆಯಿಂದ ಒರೆಸಿದಂತಹ ಒಂದು ಮುಖ, ನಡುವೆ ಒಂದು ಗೆರೆ. ತನಗೆ ಒಪ್ಪುವುದನ್ನು ತಾನೇ ಆರಿಸುವ ಭಾಗ್ಯ ನಮ್ಮಂಥವರಿಗಿಲ್ಲ. ಜೊತೆಗೆ ಬಂದವರು ನೋಡಿ ಹೇಳಬೇಕು.

ಜೊತೆಗೆ ಬಂದವರು ಮಾವನವರು. ಸೊಸೆಯ ಮುಖವನ್ನು ಮಾವ ನೇರವಾಗಿ ನೋಡುವ ರೂಢಿ ಇರಲಿಲ್ಲ. ಅವರು ಬಾಗಿಲ ಕಡೆ ತಿರುಗಿ ನಿಂತಿದ್ದರು. ನೀವೇ ನೋಡಿ ಹೇಳಬೇಕು ಎಂದು ಅಂಗಡಿಯವರು ಕರೆದರು. ಕರಿಯದು ಕೊಡಿ ಎನ್ನುವ ಮಾತು ನನ್ನ ಗಂಟಲಲ್ಲಿತ್ತು. ಅತ್ತೆಯ ಅಪ್ಪಣೆಯೂ ಅಲ್ಲೇ ಅಡ್ಡ ಕುಳಿತಿತ್ತು. 

ಮಾವನವರು ತಿರುಗಿ ಬಂದರು. ನಾನು ತಂತಿಯದು ಹಾಕಿಕೊಂಡೆ, ಜೇನಿನ ಬಣ್ಣದ್ದು ಹಾಕಿಕೊಂಡೆ. ಅವರು ತಲೆ ಅಲ್ಲಾಡಿಸಿದರು. ಕರಿಯದು ಹಾಕಿಕೊಂಡೆ.

"ಇದು ಇರಲಿ" ಎಂದು ಅಂಗಡಿಯವರಿಗೆ ಹೇಳಿದರು. "ಹಾಕ್ಕೊಂಡಾಳಂತ ನನಗ ದೂರಿಂದ ಗೊತ್ತಾಗಬೇಕು. ಇಲ್ಲಾಂದ್ರ ಮತ್ತ ಲೇ ಅಂತಾಳ."

ಅಂಗಡಿಯವರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಚಾಳೀಸು ಹಾಕಿಕೊಂಡೇ ತಮ್ಮ ಮುಂದೆ ಓಡಾಡು ಎಂದು ಅವರು ಹೇಳಿದ್ದರು. ಸೆರಗಿನೊಳಗೆ ನಾನು ನಕ್ಕೆ, ಕಣ್ಣಲ್ಲಿ ನೀರೂ ಬಂತು.

ಎಂಟು ದಿನಕ್ಕೆ ಚಾಳೀಸು ಬಂತು. ಗಾಣದ ಎತ್ತಿಗೆ ಕಣ್ಣು ಕಟ್ಟಿದ ಹಾಗಿದೆ ಎಂದು ಅತ್ತೆ ಹಣೆ ಬಡಿದುಕೊಂಡರು. ಆರಿಸಿದವರು ಯಾರು ಎಂದು ಹೇಳಿದೆ, ಅತ್ತೆ ಹಣೆಯಿಂದ ಕೈ ತೆಗೆದರು. ಅಂದು ಮಧ್ಯಾಹ್ನ ಮಾವನವರು ಊಟಕ್ಕೆ ಕುಳಿತಾಗ ನಾನು ಚಾಳೀಸು ತೆಗೆಯದೆ ರೊಟ್ಟಿ ತಂದೆ. ಬಡಿಸಲು ಬಗ್ಗಿದಾಗ ಮೊದಲ ಬಾರಿ ಅವರ ಮುಖ ನೋಡಿದೆ. ಮೈದುನನದೇ ಮೂಗು. ಅದರ ಮೇಲೆ ಎರಡೂ ಕಣ್ಣಿನ ಪಾಪೆಗಳು ಮಜ್ಜಿಗೆಯ ಹಾಗೆ ಬೆಳ್ಳಗಿದ್ದವು.

ಚಟ್ನಿಗೆ ಕೈ ಚಾಚಿದರು. ಕೈ ತಾಟಿನ ಅಂಚು ಹಿಡಿದುಕೊಂಡು ಸುತ್ತು ಹೋಗಿ ಚಟ್ನಿ ಮುಟ್ಟಿತು. ಶೇಂಗಾ ಕಾಯಿ ಕಿವಿಗೆ ಏಕೆ ಹೋಗುತ್ತಿತ್ತು, ಕನ್ನಡ ಅಕ್ಷರ ಏಕೆ ಬರುತ್ತಿರಲಿಲ್ಲ, ಎಲ್ಲವೂ ಒಮ್ಮೆಲೇ ತಿಳಿಯಿತು. ಅಂಗಡಿಯಲ್ಲಿ ಅವರು ಆರಿಸಿರಲಿಲ್ಲ. ಇದ್ದ ಫ್ರೇಮುಗಳಲ್ಲಿ ಅವರ ಕಣ್ಣಿಗೆ ಕಂಡದ್ದೇ ಅದೊಂದು. ಹೆಂಡತಿ, ಮಕ್ಕಳು, ಆಳುಗಳು, ಮನೆ ತುಂಬ ಜನ. ಹಿರಿಯರ ಮುಖ ಎತ್ತಿ ನೋಡಬಾರದೆಂದು ಎಲ್ಲರೂ ತಲೆ ಬಗ್ಗಿಸಿಕೊಂಡೇ ಇದ್ದರು. ನನಗೆ ನಾಚಿಕೆಯಾಯಿತು.

"ಮಾವಾರ, ನಿಮ್ಮ ಕಣ್ಣಾಗ ಪೊರಿ ಬಂದೈತ್ರಿ" ಎಂದೆ. ಮೂರು ವರ್ಷದಲ್ಲಿ ತಿಳಿದು ತಿಳಿದು ಅವರಿಗೆ ನಾನು ಆಡಿದ ಮೊದಲ ಮಾತು ಅದು.

ಅವರು ತುತ್ತು ಮುಗಿಸಿದರು. "ಗೊತ್ತೈತಿ. ಪ್ಯಾಟ್ಯಾಗ ಖಬರ ಆದ್ರ ಯಾಪಾರ ಹೋಕ್ಕೈತಿ. ಯಾರಿಗೂ ಹೇಳಬ್ಯಾಡವ್ವಾ."

ಹೇಳಿದೆ. ನಮ್ಮ ಮನೆಯವರು ಮುಂಡರಗಿಯಿಂದ ಬಂದ ಕೂಡಲೇ ಹೇಳಿದೆ. ಮನೆಯಲ್ಲಿ ದೊಡ್ಡ ರಂಪವಾಯಿತು, ಅತ್ತೆ ಅತ್ತರು. ಮಾವನವರು ಒಂದು ತಿಂಗಳು ನನ್ನ ಕೈಯ ನೀರು ಮುಟ್ಟಲಿಲ್ಲ. ನಾನೂ ಹಟದವಳೇ, ದಿನಾ ತಂಬಿಗೆ ತಂದಿಟ್ಟು ಹೋಗುತ್ತಿದ್ದೆ. ಸುಗ್ಗಿ ಮುಗಿದ ಮೇಲೆ ಮಗ ಅವರನ್ನು ಗದಗಿನ ದವಾಖಾನೆಗೆ ಕರೆದೊಯ್ದರು. ಆಪರೇಶನ್ ಆಯಿತು. ತಲೆಯ ಎರಡೂ ಬದಿಗೆ ಉಸುಕಿನ ಚೀಲ ಇಟ್ಟು ಅಲುಗಾಡದಂತೆ ಮಲಗಿಸಿದ್ದರು. ಅಲ್ಲಿ ಗಂಜಿ ಕುಡಿಸುವುದು ನನ್ನ ಪಾಲಿಗೆ ಬಂತು. ಮೊದಲ ದಿನ ಬಾಯಿ ಬಿಗಿ ಹಿಡಿದರು, ಎರಡನೆಯ ದಿನ ಕುಡಿದರು.

ಗಾಯ ಮಾಗಿದ ಮೇಲೆ ಅದೇ ಗಡಿಯಾರದ ಅಂಗಡಿಗೆ ಹೋದೆವು. ಈ ಸಲ ಫ್ರೇಮು ಹಾಕಿಕೊಂಡು ಕನ್ನಡಿಯಲ್ಲಿ ಏನೂ ಕಾಣದೆ ಕುಳಿತವರು ಅವರು, ನೋಡಿ ಹೇಳುವವಳು ನಾನು. ಅವರ ಅಗಲ ಮುಖಕ್ಕೆ ತೆಳು ತಂತಿಯದೇ ಚಂದ ಕಂಡಿತು, ಅದನ್ನೇ ಆರಿಸಿದೆ.

ಅದು ಬಂದ ದಿನ ನಾನೇ ಅವರ ಕಿವಿಗೆ ಸಿಕ್ಕಿಸಿದೆ. ದಪ್ಪ ಗಾಜಿನ ಹಿಂದೆ ಅವರ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ಅತ್ತೆಯನ್ನು ನೋಡಿದರು, ಗೋಡೆಯ ಕ್ಯಾಲೆಂಡರಿನ ಕನ್ನಡವನ್ನು ಗಟ್ಟಿಯಾಗಿ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಮುಖ ಬಗ್ಗಿಸಲಿಲ್ಲ. ಬಹಳ ಹೊತ್ತು ನೋಡಿದರು.

"ಇದೇನವ್ವಾ ಇಷ್ಟ ದಪ್ಪಂದು? ನಿನ್ನ ಮಾರಿಗೆ ಒಪ್ಪಂಗೇ ಇಲ್ಲಲ್ಲ. ಯಾರ ಆರಿಸ್ಯಾರ ಇದನ್ನ?"

"ನೀವ ರೀ" ಎಂದೆ.

ಅವರು ನನ್ನ ಚಾಳೀಸು ತೆಗೆದುಕೊಂಡು, ತಮ್ಮ ಧೋತರದ ತುದಿಯಿಂದ ಎರಡೂ ಗಾಜು ಒರೆಸಿ, ತಿರುಗಿ ಕೊಟ್ಟರು.